ಪ್ರವಾಸೋದ್ಯಮ: ಊರಿಗೆ ಬರುವ ಹಣ, ಊರಲ್ಲಿ ನಿಲ್ಲುವ ಹಣ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ನಾಡಿನ ಆರ್ಥಿಕ ಜೀವನಕ್ಕೆ ಸಂಬಂಧಿಸಿದ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಅಪ್ಪಣೆ ಮಾಡಿದರು. ಮೂರು ದಶಕಗಳ ಕಾಲ ಅರ್ಥಶಾಸ್ತ್ರವನ್ನು ಬೋಧಿಸಿ ನಿವೃತ್ತನಾದ ನನಗೆ ಆಗ ಥಟ್ಟನೆ ನೆನಪಾದದ್ದು ಈ ಶಾಲೆಯ ಆರಂಭದ ವರ್ಷಗಳಲ್ಲಿ ನಾವು ಮಕ್ಕಳು ಬೇಕಲ ಕೋಟೆಗೆ ಕೈಗೊಂಡ ಒಂದು ದಿನದ ಪ್ರವಾಸ. ಬಾಳೆಲೆಯಲ್ಲಿ ಬುತ್ತಿ ಕಟ್ಟಿಕೊಂಡು ಹೋಗಿದ್ದೆವು. ಕಾವಲು ಗೋಪುರವನ್ನು ಹತ್ತಿ ಕಡಲನ್ನು ನೋಡಿದೆವು. ಕೋಟೆಯ ನೆರಳಿನಲ್ಲಿ ಕುಳಿತು ಉಂಡೆವು. ಸಂಜೆ ಬಸ್ಸು ಹತ್ತಿದೆವು. ಚಂದ್ರಗಿರಿ ಸೇತುವೆ ದಾಟುವಾಗ ನಮ್ಮ ಮಾಷ್ಟ್ರು ಕೇಳಿದರು: “ಮಕ್ಕಳೇ, ನಾವು ಆ ಊರಿನ ಕೋಟೆಯನ್ನು ಕಣ್ತುಂಬ ನೋಡಿ ಬಂದೆವು. ಆ ಊರಿಗೆ ನಾವು ಬಿಟ್ಟು ಬಂದದ್ದೇನು?”

“ಬುತ್ತಿಯ ಎಲೆ!” ಎಂದು ಹಿಂದಿನ ಸೀಟಿನಿಂದ ಒಬ್ಬ ಕೂಗಿದ. ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಮಾಷ್ಟ್ರು ಮಾತ್ರ ನಗಲಿಲ್ಲ. “ಹೆಚ್ಚು ಕಡಿಮೆ ಅಷ್ಟೇ” ಎಂದು ಸುಮ್ಮನಾದರು.

ಇನ್ನೊಂದು ಪ್ರಶ್ನೆಯನ್ನು ಇತ್ತೀಚೆಗೆ ಇದೇ ಶಾಲೆಯ ಜಗಲಿಯಲ್ಲಿ ಕೇಳಿದೆ. ಮಗನನ್ನು ಯಾವ ಮಾಧ್ಯಮಕ್ಕೆ ಸೇರಿಸಬೇಕೆಂದು ನಿರ್ಧರಿಸಲಾಗದೆ ತೊಳಲುತ್ತಿದ್ದ ತಾಯಿಯೊಬ್ಬರು, “ಮಾಷ್ಟ್ರೇ, ಕನ್ನಡ ಕಲಿತರೆ ಮುಂದೆ ಇವನಿಗೆ ಏನುಂಟು?” ಎಂದು ಕೇಳಿದರು. ಭಾಷೆಯ ಹಿರಿಮೆಯನ್ನು ಕುರಿತು ನಾಲ್ಕು ಮಾತು ಹೇಳಿ ನಾನು ಪಾರಾಗಬಹುದಿತ್ತು. ಆದರೆ ಆಕೆ ಕೇಳಿದ್ದು ಅನ್ನದ ಪ್ರಶ್ನೆ; ಅದಕ್ಕೆ ಅನ್ನದ ಉತ್ತರವನ್ನೇ ಕೊಡಬೇಕು. ಮಾಷ್ಟ್ರ ಪ್ರಶ್ನೆಗೂ ಆ ತಾಯಿಯ ಪ್ರಶ್ನೆಗೂ ಒಂದು ನಂಟಿದೆ ಎಂದು ನನಗೆ ತೋರುತ್ತದೆ. ಆ ನಂಟನ್ನು ಬಿಡಿಸಿ ಹೇಳುವುದೇ ಈ ಲೇಖನದ ಉದ್ದೇಶ.

ಗಿರಾಕಿಯೇ ನಡೆದು ಬರುವ ರಫ್ತು

ತಾನು ನಿತ್ಯ ವಾಸಿಸುವ ಪರಿಸರವನ್ನು ಬಿಟ್ಟು, ಒಂದು ವರ್ಷಕ್ಕಿಂತ ಕಡಿಮೆ ಅವಧಿಗೆ, ಹೋದಲ್ಲಿ ಸಂಬಳದ ಕೆಲಸಕ್ಕೆ ಸೇರುವ ಉದ್ದೇಶವಿಲ್ಲದೆ ಪ್ರಯಾಣ ಮಾಡುವವನು ಪ್ರವಾಸಿ ಎಂಬುದು ವಿಶ್ವಸಂಸ್ಥೆಯ ಅಂಕಿಅಂಶ ತಜ್ಞರು ಒಪ್ಪಿರುವ ವ್ಯಾಖ್ಯೆಯ ಸಾರ. ಇದರ ಪ್ರಕಾರ ಕಡಲತೀರಕ್ಕೆ ಬರುವ ವಿದೇಶೀಯನು ಮಾತ್ರವಲ್ಲ, ಮಧೂರಿನ ಗಣಪತಿಗೆ ಅಪ್ಪದ ಸೇವೆ ಸಲ್ಲಿಸಲು ದೂರದ ಊರಿನಿಂದ ಬರುವ ಭಕ್ತನೂ, ಬಂಧುಗಳ ಮದುವೆಗೆಂದು ಬೆಂಗಳೂರಿನಿಂದ ಬಂದಿಳಿಯುವ ನಮ್ಮ ಹಳೆ ವಿದ್ಯಾರ್ಥಿಯೂ ಪ್ರವಾಸಿಗಳೇ.

ನಾವು ಅಡಿಕೆ ಬೆಳೆದು ಮಂಗಳೂರಿನ ಮಂಡಿಗೆ ಕಳುಹಿಸುತ್ತೇವೆ. ಸರಕು ಹೊರಗೆ ಹೋಗುತ್ತದೆ, ಹಣ ಒಳಗೆ ಬರುತ್ತದೆ. ಪ್ರವಾಸೋದ್ಯಮವೂ ಇಂತಹದೇ ಒಂದು ರಫ್ತು. ಆದರೆ ಇಲ್ಲಿ ಸರಕು ಕದಲುವುದಿಲ್ಲ. ಕೋಟೆಯನ್ನು, ಕಡಲನ್ನು, ಜಾತ್ರೆಯನ್ನು ಗೋಣಿಯಲ್ಲಿ ತುಂಬಿ ಕಳುಹಿಸಲಾಗದು. ಆದುದರಿಂದ ಗಿರಾಕಿಯೇ ನಡೆದು ಬರುತ್ತಾನೆ. ಬಂದವನಿಗೆ ಹಸಿವಾಗುತ್ತದೆ, ಬಾಯಾರುತ್ತದೆ, ನಿದ್ದೆ ಬರುತ್ತದೆ. ಮನೆಗೆ ಏನನ್ನಾದರೂ ಒಯ್ಯುವ ಆಸೆಯಾಗುತ್ತದೆ. ಒಂದೇ ಗಿರಾಕಿ ಹತ್ತು ಕಸುಬುಗಳವರಿಗೆ ಕೆಲಸ ಕೊಡುತ್ತಾನೆ. ಕೋವಿಡ್ ಹಾವಳಿಗೆ ಮುಂಚಿನ 2019-20ರಲ್ಲಿ ಭಾರತದ ಒಟ್ಟು ಆಂತರಿಕ ಉತ್ಪನ್ನದಲ್ಲಿ ಪ್ರವಾಸೋದ್ಯಮದ ಪಾಲು, ಪರೋಕ್ಷ ಕೊಡುಗೆಯೂ ಸೇರಿ, ಶೇಕಡಾ 5ರ ಆಸುಪಾಸಿನಲ್ಲಿತ್ತು.

ಹತ್ತು ಸಾವಿರ ರೂಪಾಯಿಯ ಪಯಣ

ಒಂದು ಊರಿಗೆ ಇಷ್ಟು ಲಕ್ಷ ಪ್ರವಾಸಿಗಳು ಬಂದರು, ಇಷ್ಟು ಕೋಟಿ ವ್ಯಯಿಸಿದರು ಎಂದು ಪತ್ರಿಕೆಗಳಲ್ಲಿ ಓದುತ್ತೇವೆ. ಅರ್ಥಶಾಸ್ತ್ರದ ವಿದ್ಯಾರ್ಥಿ ಅಲ್ಲಿಗೆ ನಿಲ್ಲಬಾರದು. ಆ ಹಣದಲ್ಲಿ ಊರಿನಲ್ಲಿ ನಿಂತದ್ದೆಷ್ಟು, ನಿಂತದ್ದು ಎಷ್ಟು ಕೈಗಳನ್ನು ದಾಟಿತು ಎಂಬುದೇ ಮುಖ್ಯವಾದ ಪ್ರಶ್ನೆ. ಒಬ್ಬರ ಖರ್ಚು ಇನ್ನೊಬ್ಬರ ಆದಾಯವಾಗಿ, ಆ ಆದಾಯದ ಒಂದಂಶ ಮತ್ತೆ ಖರ್ಚಾಗಿ ಮೂರನೆಯವರಿಗೆ ಆದಾಯವಾಗುವ ಈ ಸರಪಳಿಯ ಪರಿಣಾಮವನ್ನು ಅರ್ಥಶಾಸ್ತ್ರಜ್ಞರು ‘ಗುಣಕ’ ಎನ್ನುತ್ತಾರೆ. 1931ರಲ್ಲಿ ಆರ್. ಎಫ್. ಕಾನ್ ಇದನ್ನು ನಿರೂಪಿಸಿದರು. 1936ರಲ್ಲಿ ಕೇನ್ಸ್ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಬಳಸಿಕೊಂಡರು. ಸರಪಳಿಯಿಂದ ಕಳಚಿ ಊರ ಹೊರಗೆ ಹೋಗುವ ಹಣಕ್ಕೆ ‘ಸೋರಿಕೆ’ ಎಂದು ಹೆಸರು. ತೂತಿರುವ ಕೊಡಪಾನದಲ್ಲಿ ನೀರು ಹೊತ್ತವರಿಗೆ ಈ ಮಾತನ್ನು ಬೇರೆ ವಿವರಿಸಬೇಕಾಗಿಲ್ಲ.

ಲೆಕ್ಕಕ್ಕಾಗಿ ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಮೈಸೂರಿನ ಒಂದು ಕುಟುಂಬ ಎರಡು ದಿನಗಳ ಮಟ್ಟಿಗೆ ನಮ್ಮ ಜಿಲ್ಲೆಗೆ ಬಂದು 10,000 ರೂಪಾಯಿ ಖರ್ಚು ಮಾಡಿತೆನ್ನೋಣ.

ಮೊದಲನೆಯ ಸಂದರ್ಭದಲ್ಲಿ ಅವರು ಊರಿನವರದೇ ಒಂದು ಮನೆಯಲ್ಲಿ ತಂಗುತ್ತಾರೆ. ಮನೆಯಾಕೆ ನೀರುದೋಸೆ, ಪತ್ರೊಡೆ, ಪುನರ್ಪುಳಿ ಸಾರು ಮಾಡಿ ಬಡಿಸುತ್ತಾರೆ. ಊರಿನ ಚಾಲಕನ ವಾಹನದಲ್ಲಿ ತಿರುಗುತ್ತಾರೆ; ಹಿಂದಿರುಗುವಾಗ ಒಂದು ಕಾಸರಗೋಡು ಸೀರೆ ಕೊಳ್ಳುತ್ತಾರೆ. ಪೆಟ್ರೋಲು, ಹೊರಗಿನಿಂದ ಬಂದ ಸಾಮಾನು, ತೆರಿಗೆ ಇವುಗಳನ್ನು ಕಳೆದು 6,000 ರೂಪಾಯಿ ಊರಿನವರ ಆದಾಯವಾಗಿ ಉಳಿಯಿತೆನ್ನಿ. ಆ ಆದಾಯದ ಶೇಕಡಾ 60 ಮತ್ತೆ ಊರಿನವರಿಗೇ ಸಂದಾಯವಾದರೆ 3,600. ಅದರಲ್ಲಿ ಮತ್ತೆ ಶೇಕಡಾ 60 ಎಂದರೆ 2,160. ಹೀಗೆ ಇಳಿಯುತ್ತ ಹೋಗುವ ಸಂಖ್ಯೆಗಳನ್ನೆಲ್ಲ ಕೂಡಿಸಿದರೆ ಒಟ್ಟು ಮೊತ್ತ 15,000 ರೂಪಾಯಿ. ಬಂದ ಹಣ ಹತ್ತು ಸಾವಿರ. ಊರಿನವರಿಗಾದ ಒಟ್ಟು ಆದಾಯ ಹದಿನೈದು ಸಾವಿರ.

ಎರಡನೆಯ ಸಂದರ್ಭದಲ್ಲಿ ಅದೇ ಕುಟುಂಬ ದೂರದ ನಗರದ ಸಂಸ್ಥೆಯೊಂದಕ್ಕೆ ಮುಂಗಡವಾಗಿ ಹಣ ತೆತ್ತು ಬರುತ್ತದೆ. ವಾಹನ, ಚಾಲಕ, ವಸತಿಯ ಒಡೆತನ, ಅಡುಗೆಯ ಸಾಮಗ್ರಿ ಎಲ್ಲವೂ ಹೊರಗಿನವು. ಕೋಣೆ ಗುಡಿಸುವವರ ಕೂಲಿ, ಸೀಯಾಳ, ಒಂದಿಷ್ಟು ಬಾಳೆಹಣ್ಣು, ಇಂತಹವುಗಳ ಮೂಲಕ 2,000 ರೂಪಾಯಿ ಮಾತ್ರ ಊರಿಗೆ ಇಳಿಯುತ್ತದೆ. ಮೇಲಿನ ಕ್ರಮದಲ್ಲಿಯೇ ಲೆಕ್ಕ ಹಾಕಿದರೆ ಒಟ್ಟು ಮೊತ್ತ 5,000 ರೂಪಾಯಿ. ಪ್ರವಾಸಿಗಳು ಅವರೇ, ಖರ್ಚೂ ಅಷ್ಟೇ. ಊರಿಗೆ ಆದ ಲಾಭದಲ್ಲಿ ಮೂರು ಪಟ್ಟು ಅಂತರ.

ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ನಮ್ಮ ಅಡುಗೆಮನೆಯ ಅಕ್ಕಿ ಬಹುಮಟ್ಟಿಗೆ ಆಂಧ್ರದಿಂದ, ತರಕಾರಿ ಮೈಸೂರು, ಗುಂಡ್ಲುಪೇಟೆಗಳ ಕಡೆಯಿಂದ ಬರುತ್ತದೆ. ಆದ್ದರಿಂದ ಆದಾಯದ ಶೇಕಡಾ 60 ಊರಲ್ಲೇ ಮರಳಿ ಖರ್ಚಾಗುವುದೆಂಬುದು ಉದಾರವಾದ ಊಹೆ. ಅದು 40ಕ್ಕೆ ಇಳಿದರೆ ಮೊದಲನೆಯ ಸಂದರ್ಭದ 15,000 ರೂಪಾಯಿ 10,000ಕ್ಕೆ ಇಳಿಯುತ್ತದೆ. ಹಿತ್ತಲಿನ ಬಸಳೆಯ ಚಪ್ಪರಕ್ಕೂ ಪ್ರವಾಸೋದ್ಯಮಕ್ಕೂ ಇರುವ ಸಂಬಂಧ ಇದೇ. ಪ್ರವಾಸಿಯ ಬಟ್ಟಲಿಗೆ ಊರಿನ ಸೊಪ್ಪು ಬಿದ್ದಷ್ಟೂ ಕೊಡಪಾನದ ತೂತು ಕಿರಿದಾಗುತ್ತದೆ.

ಬೇಕಲ: ಕೋಟೆ, ಕಡಲು ಮತ್ತು ಕಥೆ

ಈಗ ನಮ್ಮ ಕಣ್ಣಮುಂದಿನ ನಿದರ್ಶನಕ್ಕೆ ಬರೋಣ. ಬೇಕಲ ಕೋಟೆಯನ್ನು 17ನೆಯ ಶತಮಾನದ ನಡುಭಾಗದಲ್ಲಿ ಇಕ್ಕೇರಿಯ ಅರಸ ಶಿವಪ್ಪ ನಾಯಕ ಕಟ್ಟಿಸಿದನೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ. ಸುಮಾರು 40 ಎಕ್ರೆಗಳಷ್ಟು ಹರಡಿರುವ ಈ ಕೋಟೆ 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ ಬಳಿಕ ಮೈಸೂರಿನವರ ಕೈಸೇರಿತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಈಸ್ಟ್ ಇಂಡಿಯಾ ಕಂಪೆನಿಯ ವಶವಾಯಿತು. ಕೆನರಾ ಜಿಲ್ಲೆಯಲ್ಲಿ ಬೇಕಲವೇ ಒಂದು ತಾಲೂಕಿನ ಹೆಸರಾಗಿತ್ತು. ಇಂದು ಈ ಕೋಟೆ ಇರುವ ತಾಲೂಕಿನ ಹೆಸರಾದ ಹೊಸದುರ್ಗವೂ ಕನ್ನಡದ್ದೇ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. 1984ರ ಮೇ 24ರಂದು ಪ್ರತ್ಯೇಕ ಜಿಲ್ಲೆಯಾಯಿತು.

1992ರಲ್ಲಿ ಭಾರತ ಸರಕಾರ ಬೇಕಲವನ್ನು ವಿಶೇಷ ಪ್ರವಾಸೋದ್ಯಮ ವಲಯವೆಂದು ಘೋಷಿಸಿತು. 1995ರಲ್ಲಿ ಕೇರಳ ಸರಕಾರ ಬೇಕಲ ರೆಸಾರ್ಟ್ಸ್ ಡೆವಲಪ್‌ಮೆಂಟ್ ಕಾರ್ಪೊರೇಶನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿತು. ಕಡಲತೀರದ ಜಮೀನನ್ನು ಪಡೆದು, ರಸ್ತೆ ನೀರುಗಳ ವ್ಯವಸ್ಥೆ ಮಾಡಿ, ದೊಡ್ಡ ವಸತಿಗೃಹಗಳನ್ನು ಕಟ್ಟುವವರಿಗೆ ದೀರ್ಘಾವಧಿಯ ಗುತ್ತಿಗೆಗೆ ಕೊಡುವುದು ಅದರ ಮೊದಲ ಕ್ರಮವಾಯಿತು. ಅದೇ 1995ರಲ್ಲಿ ಬಿಡುಗಡೆಯಾದ ಮಣಿರತ್ನಂ ಅವರ ‘ಬಾಂಬೆ’ ಚಿತ್ರದ ಹಾಡೊಂದು ಈ ಕೋಟೆಯ ಮಳೆಗಾಲದ ಚೆಲುವನ್ನು ದೇಶಕ್ಕೆಲ್ಲ ತೋರಿಸಿತು. ನೂರು ಜಾಹೀರಾತುಗಳು ಮಾಡಲಾರದ ಕೆಲಸವನ್ನು ಒಂದು ಹಾಡು ಮಾಡಿತು.

ದೊಡ್ಡ ವಸತಿಗೃಹಗಳಿಂದ ಪ್ರಯೋಜನವಿಲ್ಲವೆಂದು ನಾನು ಹೇಳುವುದಿಲ್ಲ. ಅವು ಉದ್ಯೋಗ ಕೊಡುತ್ತವೆ, ತೆರಿಗೆ ಕಟ್ಟುತ್ತವೆ, ದೂರದವರನ್ನು ಕರೆತರುತ್ತವೆ. ಆದರೆ ಅವುಗಳ ಲಾಭಾಂಶ ಬಂಡವಾಳ ಹೂಡಿದವರಿರುವ ಊರಿಗೆ ಹೋಗುವುದು ವ್ಯಾಪಾರದ ಸಹಜಧರ್ಮ. ಕೋಟೆಯ ಪ್ರವೇಶ ಶುಲ್ಕ ಕೇಂದ್ರದ ಪುರಾತತ್ವ ಸರ್ವೇಕ್ಷಣ ಇಲಾಖೆಗೆ ಸಲ್ಲುತ್ತದೆ. ಉಳಿದದ್ದರಲ್ಲಿ ನಮ್ಮ ಪಾಲೆಷ್ಟು ಎಂಬುದು ನಮ್ಮ ಸಿದ್ಧತೆಯನ್ನು ಅವಲಂಬಿಸಿದೆ.

ಈ ಸಿದ್ಧತೆ ಸಾಧ್ಯವೆಂಬುದಕ್ಕೆ ಕೇರಳದಲ್ಲಿಯೇ ಉದಾಹರಣೆಯಿದೆ. ಕೋಟ್ಟಯಂ ಜಿಲ್ಲೆಯ ಕುಮರಗಂನಲ್ಲಿ 2008ರಲ್ಲಿ ‘ಜವಾಬ್ದಾರಿಯುತ ಪ್ರವಾಸೋದ್ಯಮ’ದ ಪ್ರಯೋಗ ಆರಂಭವಾಯಿತು. ಕುಟುಂಬಶ್ರೀಯ ಮಹಿಳಾ ಗುಂಪುಗಳು ಬೆಳೆದ ತರಕಾರಿ, ಬಾಳೆಎಲೆ, ಮೀನು, ಎಳನೀರು ಮೊದಲಾದವನ್ನು ಹೋಟೆಲುಗಳು ಕೊಳ್ಳುವಂತೆ ಪಂಚಾಯತು ಮಧ್ಯೆ ನಿಂತು ವ್ಯವಸ್ಥೆ ಮಾಡಿತು. ಬೆಲೆಯನ್ನು ಮೊದಲೇ ಗೊತ್ತುಪಡಿಸಲಾಯಿತು. ಹೋಟೆಲು ಯಾರದೇ ಇರಲಿ, ಅದರ ಅಡುಗೆಮನೆಯ ಬಾಗಿಲು ಊರಿನ ಗದ್ದೆಗೆ ತೆರೆದುಕೊಂಡಿತು. 2017ರಲ್ಲಿ ಈ ಕಾರ್ಯಕ್ಕಾಗಿಯೇ ರಾಜ್ಯಮಟ್ಟದ ಮಿಷನ್ ಒಂದು ರೂಪುಗೊಂಡಿತು. ಸೋರಿಕೆಯನ್ನು ತಡೆಯುವುದು ಬರಿಯ ಪುಸ್ತಕದ ಮಾತಲ್ಲ ಎಂಬುದಕ್ಕೆ ಇದು ಸಾಕ್ಷಿ.

ಲೆಕ್ಕದ ಎಡಪುಟ

ಆದಾಯವನ್ನು ಮಾತ್ರ ಬರೆದು ವೆಚ್ಚವನ್ನು ಬಿಟ್ಟರೆ ಅದು ಲೆಕ್ಕಪುಸ್ತಕವಾಗದು. ಪ್ರವಾಸೋದ್ಯಮದ ವೆಚ್ಚಗಳಲ್ಲಿ ಮೊದಲನೆಯದು ಭೂಮಿ. ಕಡಲತೀರದ ತೆಂಗಿನತೋಟಕ್ಕೆ ಒಳ್ಳೆಯ ಬೆಲೆ ಬಂದಿತೆಂದು ಮಾರಿದವನಿಗೆ ಹಣ ಒಮ್ಮೆ ಬರುತ್ತದೆ. ತೆಂಗಿನಕಾಯಿ ಮತ್ತೆ ಬರುವುದಿಲ್ಲ. ಬೆಲೆ ಏರಿದ ಮೇಲೆ ಅವನ ಮಗನಿಗೆ ಅದೇ ಊರಿನಲ್ಲಿ ಐದು ಸೆಂಟ್ಸ್ ಜಾಗ ಕೊಳ್ಳುವುದೂ ಕಷ್ಟವಾಗುತ್ತದೆ.

ಎರಡನೆಯದು ನೀರು. ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದು ಸುರಂಗ ಮಾಡಿ, ತೊಟ್ಟಿಕ್ಕುವ ನೀರನ್ನು ಕಾದು ತೋಟ ಮಾಡಿದ ಜನ ನಾವು. ಧಾರಾಕಾರ ಮಳೆ ಸುರಿಯುವ ಜಿಲ್ಲೆಯಾದರೂ ಎಪ್ರಿಲ್ ಬಂದಾಗ ಬಾವಿಯ ತಳ ಕಾಣುತ್ತದೆ. ಪ್ರವಾಸಿಗಳು ಹೆಚ್ಚಾಗಿ ಬರುವುದು ಮಳೆ ನಿಂತ ತಿಂಗಳುಗಳಲ್ಲಿ. ನೀರು ಹೆಚ್ಚು ಬೇಕಾಗುವುದೂ ಆಗಲೇ. ಮೂರನೆಯದು ಕಸ. ನಮ್ಮ ಬಾಲ್ಯದ ಬುತ್ತಿಯ ಎಲೆ ಮಣ್ಣಿನಲ್ಲಿ ಕರಗಿತು. ಇಂದಿನ ಪ್ಲಾಸ್ಟಿಕ್ ಬಾಟಲಿ ಕರಗದು.

ನಾಲ್ಕನೆಯದು ಅನಿಶ್ಚಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಈ ವ್ಯವಹಾರ ಕುಗ್ಗುತ್ತದೆ. 2020ರ ಮಾರ್ಚಿನಲ್ಲಿ ಕೋವಿಡ್ ಕಾರಣದಿಂದ ತಲಪಾಡಿಯ ಗಡಿ ಮುಚ್ಚಿದ್ದನ್ನು ಗಡಿನಾಡಿನ ನಾವು ಮರೆಯಲಾರೆವು. ಆಸ್ಪತ್ರೆಗೆ ಹೋಗಬೇಕಾದವರೇ ದಾಟಲಾಗದ ಗಡಿಯನ್ನು ಪ್ರವಾಸಿ ದಾಟುವುದು ಹೇಗೆ? ಆ ದಿನಗಳಲ್ಲಿ ಅಡಿಕೆ ತೋಟವಿದ್ದವನಿಗೆ ಮರದಲ್ಲಿ ಫಸಲಾದರೂ ಉಳಿಯಿತು. ಬಾಡಿಗೆ ಕಾರನ್ನೇ ನಂಬಿದವನಿಗೆ ಸಾಲದ ಕಂತು ಮಾತ್ರ ಉಳಿಯಿತು. ಆದುದರಿಂದ ಪ್ರವಾಸೋದ್ಯಮವು ಕೃಷಿಗೆ ಆಸರೆಯ ಗೂಟವಾಗಬೇಕು. ಕೃಷಿಯನ್ನು ಕಿತ್ತು ಅದರ ಜಾಗದಲ್ಲಿ ನೆಡುವ ಗಿಡವಾಗಬಾರದು.

ರಾತ್ರಿ ತಂಗುವವನು ಮತ್ತು ಸಂಜೆ ಹಿಂದಿರುಗುವವನು

ಬೇಕಲವಿರುವುದು ಚಂದ್ರಗಿರಿ ಹೊಳೆಯ ದಕ್ಷಿಣಕ್ಕೆ. ಕನ್ನಡಿಗರು ಹೆಚ್ಚಾಗಿ ನೆಲೆಸಿರುವ ಮಂಜೇಶ್ವರ, ಕುಂಬಳೆ, ಬದಿಯಡ್ಕಗಳ ಪ್ರದೇಶ ಅದರ ಉತ್ತರಕ್ಕೆ. ಮಂಗಳೂರಿನಿಂದ ಹೊರಟವನು ನಮ್ಮ ಊರುಗಳನ್ನು ಕಿಟಕಿಯಿಂದ ನೋಡುತ್ತ ಕೋಟೆ ಸೇರಿ, ಸಂಜೆ ಅದೇ ದಾರಿಯಲ್ಲಿ ಮರಳಬಲ್ಲ. ರಸ್ತೆ ರೈಲುಗಳು ಸುಧಾರಿಸಿದಷ್ಟೂ ಬರುವುದು ಸುಲಭ, ಹೋಗುವುದೂ ಸುಲಭ. 2023ರ ಎಪ್ರಿಲ್‌ನಲ್ಲಿ ತಿರುವನಂತಪುರದಿಂದ ಕಾಸರಗೋಡಿಗೆ ವಂದೇ ಭಾರತ್ ರೈಲು ಬಂದಾಗ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಆದರೆ ವೇಗದ ವಾಹನ ಒಂದು ಊರಿನಲ್ಲಿ ಇಳಿಸುವಷ್ಟೇ ವೇಗವಾಗಿ ಅದನ್ನು ದಾಟಿಸಲೂ ಬಲ್ಲದು. ಸಂಜೆ ಹಿಂದಿರುಗುವವನು ಒಂದು ಊಟದ ಹಣ ಬಿಟ್ಟರೆ, ರಾತ್ರಿ ತಂಗುವವನು ಹಾಸಿಗೆ, ಮೂರು ಹೊತ್ತಿನ ಊಟ, ಮರುದಿನದ ವಾಹನ ಎಲ್ಲದರ ಹಣವನ್ನು ಬಿಡುತ್ತಾನೆ.

ಹಾಗಾದರೆ ಅವನು ತಂಗಲು ಕಾರಣ ಬೇಕು. ಅದು ನಮ್ಮಲ್ಲಿ ಧಾರಾಳವಾಗಿದೆ. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆ ಸ್ಮಾರಕವಾಗಿ ನಿಂತಿದೆ. ಕುಂಬಳೆ ಯಕ್ಷಗಾನ ಪ್ರಸಂಗಕರ್ತ ಪಾರ್ತಿಸುಬ್ಬನ ಊರು. ಅದರ ಸಮೀಪದ ಅನಂತಪುರದಲ್ಲಿ ಕೆರೆಯ ನಡುವಿನ ದೇವಾಲಯವಿದೆ; ತಿರುವನಂತಪುರದ ಪದ್ಮನಾಭಸ್ವಾಮಿಯ ಮೂಲಸ್ಥಾನ ಇದೇ ಎಂಬುದು ಪ್ರತೀತಿ. ಆ ಕೆರೆಯ ಮೊಸಳೆ ಬಬಿಯಾ 2022ರ ಅಕ್ಟೋಬರಿನಲ್ಲಿ ಸತ್ತಾಗ ಜನ ಮನೆಯವರೊಬ್ಬರು ತೀರಿಕೊಂಡಂತೆ ನೆರೆದರು. ಮುಂದೆ ಮಧುವಾಹಿನಿಯ ದಡದ ಮಧೂರು, ಎಡನೀರಿನ ಮಠ, ತಳಂಗರದ ಮಾಲಿಕ್ ದೀನಾರ್ ಮಸೀದಿ, ಅಲ್ಲಿಯ ಹೆಂಗಸರ ಕೈಹೊಲಿಗೆಯ ಟೊಪ್ಪಿ, ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕಾಸರಗೋಡು ಸೀರೆ. ಒಂದು ಹಗಲಿನಲ್ಲಿ ಮುಗಿಯುವ ದಾರಿ ಇದಲ್ಲ. ಇವುಗಳನ್ನು ಒಂದು ಸರದಲ್ಲಿ ಪೋಣಿಸಿ, ರಾತ್ರಿ ಒಂದು ಯಕ್ಷಗಾನ ಪ್ರಸಂಗವನ್ನು ತೋರಿಸಿ, ಬೆಳಿಗ್ಗೆ ಬೇಕಲಕ್ಕೆ ಕಳುಹಿಸಿಕೊಟ್ಟರೆ ಹೊಳೆಯ ಎರಡೂ ದಡಗಳಿಗೆ ಲಾಭವಿದೆ.

ಕನ್ನಡ ಶಾಲೆಯ ಪಾಲು

ಈಗ ಆ ತಾಯಿಯ ಪ್ರಶ್ನೆಗೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ಶಿವಮೊಗ್ಗದ ಸ್ನೇಹಿತರೊಬ್ಬರನ್ನು ಬೇಕಲಕ್ಕೆ ಕರೆದುಕೊಂಡು ಹೋಗಿದ್ದೆ. ಪ್ರವಾಸಿಗಳ ಗುಂಪೊಂದಕ್ಕೆ ಕೋಟೆಯನ್ನು ತೋರಿಸುತ್ತಿದ್ದ ಯುವಕನೊಬ್ಬ ಸಿನೆಮಾದ ಹಾಡು ಚಿತ್ರಿತವಾದ ಜಾಗವನ್ನು ಚೆನ್ನಾಗಿ ವಿವರಿಸಿದ. ಕಟ್ಟಿಸಿದವರಾರೆಂದು ನನ್ನ ಸ್ನೇಹಿತರು ಕೇಳಿದಾಗ “ಯಾರೋ ಹಳೆಯ ರಾಜರು” ಎಂದುಬಿಟ್ಟ. ತಪ್ಪು ಅವನದಲ್ಲ, ಅವನಿಗೆ ಆ ಕಥೆಯನ್ನು ಯಾರೂ ಹೇಳಿರಲಿಲ್ಲ. ಸ್ನೇಹಿತರು ಕೆಳದಿಯ ಸೀಮೆಯವರು. ಶಿವಪ್ಪ ನಾಯಕ ಭೂಮಿಯನ್ನು ಅದರ ಗುಣಕ್ಕೆ ತಕ್ಕಂತೆ ವಿಂಗಡಿಸಿ, ಇಳುವರಿಯನ್ನು ನೋಡಿ ಕಂದಾಯ ಗೊತ್ತುಪಡಿಸಿದ ‘ಶಿಸ್ತು’ ಎಂಬ ಪದ್ಧತಿಯನ್ನು ಅವರು ಅಲ್ಲಿಯೇ ನಿಂತು ವಿವರಿಸಿದರು. ಹಾಡಿನ ಜಾಗ ನೋಡಲು ಬಂದಿದ್ದ ಗುಂಪು ಅರ್ಧ ಗಂಟೆ ಕದಲಲಿಲ್ಲ. ಕೋಟೆಯ ಕಲ್ಲು ಅದೇ, ಕಡಲು ಅದೇ. ಕಥೆ ಸೇರಿದಾಗ ಅದರ ಬೆಲೆ ಹೆಚ್ಚಿತು.

ನಮ್ಮ ಶಾಲೆಯ ಮಗು ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಹವ್ಯಕ ಕನ್ನಡವನ್ನೋ ಮರಾಟಿಯನ್ನೋ ಬ್ಯಾರಿಯನ್ನೋ ಆಡುತ್ತದೆ. ಶಾಲೆಯಲ್ಲಿ ಕನ್ನಡ ಓದುತ್ತದೆ. ಪೇಟೆಯಲ್ಲಿ ಮಲಯಾಳ ಮಾತನಾಡುತ್ತದೆ. ಇಂಗ್ಲಿಷು, ಹಿಂದಿಗಳನ್ನೂ ಕಲಿಯುತ್ತದೆ. ನಾವು ಹೊರೆಯೆಂದು ಮರುಗುವ ಈ ಬಹುಭಾಷೆ ಪ್ರವಾಸೋದ್ಯಮದ ದೃಷ್ಟಿಯಿಂದ ಬಂಡವಾಳ. ಕರ್ನಾಟಕದಿಂದ ಬಂದ ಕುಟುಂಬಕ್ಕೆ ಅದರ ಭಾಷೆಯಲ್ಲಿ ದಾರಿ ತೋರಿಸಿ, ಇಲ್ಲಿಯ ಅಧಿಕಾರಿಯೊಡನೆ ಮಲಯಾಳದಲ್ಲಿ ವ್ಯವಹರಿಸಿ, ಶಾಸನದ ಅಕ್ಷರವನ್ನೂ ಪ್ರಸಂಗದ ಪದವನ್ನೂ ಅರ್ಥ ಮಾಡಿ ಹೇಳಬಲ್ಲವನು ಗಡಿನಾಡಿನ ಕನ್ನಡ ಶಾಲೆಯಲ್ಲಿ ಓದಿದವನೇ. ಈ ಬಂಡವಾಳಕ್ಕೆ ಸೋರಿಕೆಯಿಲ್ಲ. ಹೊರಗಿನವರು ಇದನ್ನು ಗುತ್ತಿಗೆಗೆ ಪಡೆಯಲಾರರು. ಆದರೆ ಒಂದು ತಲೆಮಾರು ಶಾಲೆ ಬಿಟ್ಟರೆ ಅದು ತಾನಾಗಿ ಕರಗಿಹೋಗುತ್ತದೆ.

ಕನ್ನಡ ಕಲಿತವರಿಗೆಲ್ಲ ಪ್ರವಾಸೋದ್ಯಮದಲ್ಲಿ ಕೆಲಸ ಕಾದಿದೆ ಎಂದು ನಾನು ಹೇಳಿದರೆ ಅದು ಸುಳ್ಳಾದೀತು. ಇದರಿಂದ ಬದುಕು ಕಟ್ಟಿಕೊಳ್ಳಬಲ್ಲವರು ಊರಿಗೆ ಕೆಲವರೇ. ಆದರೆ ಆ ಕೆಲವರ ಮನೆಯ ಒಲೆ ಉರಿದರೆ ಅಕ್ಕಪಕ್ಕದ ಮನೆಗಳಿಗೂ ಕೆಂಡ ಸಿಗುತ್ತದೆ. ಗುಣಕದ ಪಾಠ ಅದೇ ಅಲ್ಲವೇ?

ಹಳೆ ವಿದ್ಯಾರ್ಥಿಗಳಲ್ಲಿ ನನ್ನ ಒಂದು ವಿನಂತಿ. ಈ ಮಹೋತ್ಸವದ ನೆನಪಿಗಾಗಿ ನಮ್ಮ ಮೇಲಿನ ತರಗತಿಗಳ ಮಕ್ಕಳಿಂದ ‘ಊರ ಲೆಕ್ಕ’ವೊಂದನ್ನು ಬರೆಸೋಣ. ಸುತ್ತಲಿನ ದೇವಸ್ಥಾನ, ಕೋಟೆ, ಕಡಲತೀರಗಳ ಬಳಿಯ ಒಂದೊಂದು ಅಂಗಡಿ, ಹೋಟೆಲು, ವಾಹನಗಳಿಗೆ ಹೋಗಿ ಅವರು ನಾಲ್ಕು ಪ್ರಶ್ನೆಗಳನ್ನು ಕೇಳಲಿ. ಒಡೆಯರು ಯಾವ ಊರಿನವರು? ದುಡಿಯುವವರು ಯಾವ ಊರಿನವರು? ಸಾಮಾನು ಎಲ್ಲಿಂದ ಬರುತ್ತದೆ? ಉಳಿದ ಹಣ ಎಲ್ಲಿ ಖರ್ಚಾಗುತ್ತದೆ? ಜೊತೆಗೆ ಪ್ರತಿಯೊಂದು ಸ್ಥಳದ ಕಥೆಯನ್ನು ಅಜ್ಜ ಅಜ್ಜಿಯರಿಂದ ಕೇಳಿ ಬರೆದಿಡಲಿ. ಹಣ ಸೋರುವ ಜಾಗ ಯಾವುದು, ಹಿತ್ತಲಿನ ಸೊಪ್ಪೋ ಹಾಳೆತಟ್ಟೆಯೋ ಆ ತೂತನ್ನು ಎಲ್ಲಿ ಮುಚ್ಚಬಹುದು ಎಂಬುದು ಆಗ ತಾನಾಗಿ ಕಾಣುತ್ತದೆ. ಕೋಟೆ ಕಟ್ಟಿಸಿದವನ ಶಿಸ್ತಿಗೆ ನಾವು ಸಲ್ಲಿಸಬಹುದಾದ ತಕ್ಕ ಗೌರವವೂ ಇದೇ.

ಬಸ್ಸಿನಲ್ಲಿ ಆ ಪ್ರಶ್ನೆ ಕೇಳಿದ ಮಾಷ್ಟ್ರು ಇಂದು ನಮ್ಮೊಂದಿಗಿಲ್ಲ. ನಾವು ಬೇರೆಯವರ ಊರಿಗೆ ಏನು ಬಿಟ್ಟುಬಂದೆವೆಂದು ಅವರು ಕೇಳಿದ್ದರು. ಇಂದು ನಮ್ಮ ಊರಿಗೇ ಬೇರೆಯವರು ಬರುತ್ತಿದ್ದಾರೆ. ಅವರು ಬಿಟ್ಟುಹೋಗುವುದು ಬರಿಯ ಎಲೆಯಾಗದಂತೆ, ಅವರು ಕೊಂಡೊಯ್ಯುವುದರಲ್ಲಿ ನಮ್ಮ ನುಡಿಯ ಒಂದು ಕಥೆಯೂ ಇರುವಂತೆ ನೋಡಿಕೊಳ್ಳುವ ಹೊಣೆ ನಮ್ಮದು. ಐವತ್ತು ವರ್ಷಗಳಿಂದ ಆ ಕಥೆಯನ್ನು ಕಾದಿಟ್ಟುಕೊಂಡು ಬಂದ ನಮ್ಮ ಶಾಲೆ ಶತಮಾನೋತ್ಸವವನ್ನೂ ಕಾಣಲಿ. ಅಂದಿನ ಸಂಚಿಕೆಯಲ್ಲಿ ‘ಊರ ಲೆಕ್ಕ’ದ ಫಲಿತಾಂಶವನ್ನು ಬರೆಯುವ ವಿದ್ಯಾರ್ಥಿ ಈಗ ಒಂದನೆಯ ತರಗತಿಯ ಮಣೆಯ ಮೇಲೆ ಕುಳಿತಿರಲಿ ಎಂದು ಹಾರೈಸುತ್ತೇನೆ.